ಜೋಳದ ಕೂಸು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅದೂ ಪೂರಾ ಆಗಲಿಲ್ಲ. ಹತ್ತಿ ಬಿಡಿಸಲು ಕರೆದರು, ಹೋದೆ. ಹಾಗಾಗಿ ನನ್ನ ಅಕ್ಷರ ದೊಡ್ಡವು, ಒಂದು ಹಾಳೆಗೆ ಹತ್ತು ಸಾಲು ಹಿಡಿದರೆ ಹೆಚ್ಚು. ನಾನು ಕೆಲಸ ಬಿಡುವ ದಿನ ನಸ್ರೀನ್ ಮೇಡಂ ಇನ್ನೂರು ಪುಟದ ಒಂದು ನೋಟುಬುಕ್ ಕೈಗಿಟ್ಟು ಹೇಳಿದ್ದರು: "ಸಾಬಮ್ಮಕ್ಕಾ, ಮುಂದ ಈ ಕೆಲಸಕ್ಕ ಬರೋ ಹುಡುಗ್ಯಾರಿಗೆ ನೀವು ಕಂಡಿದ್ದು ಬರೀರಿ. ಪುಸ್ತಕದಾಗ ಇರೋದು ನಾ ಹೇಳ್ತೀನಿ. ಕೈಯಾಗ ಇರೋದು ನೀವು ಹೇಳಬೇಕು."

ನೋಟುಬುಕ್ಕು ಗೋಡೆಯ ಗೂಡಿನಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಧೂಳು ತಿಂದಿತು. ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅಂದು ಮಧ್ಯಾಹ್ನವೇ ಧೂಳು ಕೊಡವಿ ಕೂತೆ. ಆ ಸಂಗತಿಯನ್ನು ಹಾಲಿನವಳಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯವನಿಗೆ ಹೇಳಿದ್ದೇನೆ, ಶಹಾಪುರದ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದ್ದೇನೆ. ನಿಮಗೆ ಮಾತ್ರ ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ "ಓ, ಇಷ್ಟೇನಾ" ಅಂದುಬಿಡುತ್ತೀರಿ. ಇಷ್ಟು ತಿಳಿದಿರಲಿ: ನನ್ನ ಮೊಮ್ಮಗಳು ರಮಾ ಹುಟ್ಟಿದ ಹನ್ನೊಂದನೇ ದಿನಕ್ಕೆ ಅವಳ ಹೃದಯದ ಆಪರೇಷನ್ ಆಯಿತು. ಅಂಥ ಕೂಸುಗಳಿಗೆ ಮೆಲ್ಲಗೆ ಕೈಕಾಲು ಆಡಿಸುವುದನ್ನು ಕಲಿಸುವ ಕೋಣೆಯಲ್ಲೇ ನಾನು ಹದಿನೆಂಟು ವರ್ಷ ಆಯಾ ಆಗಿದ್ದೆ. ಆದರೂ ಆ ಕೂಸು ನನ್ನ ಕೈಯಲ್ಲೇ ಹಾಳಾಗುತ್ತಿತ್ತು.

ನನ್ನ ಕೈಗೆ ಮೊದಲ ಪಾಠ ಹೇಳಿದವಳು ನಮ್ಮತ್ತೆ. ವನದುರ್ಗದ ಕೋಟೆಯ ಕೆಳಗೆ ನಮ್ಮ ಮನೆ. ಅತ್ತೆ ಬಾಣಂತಿಯರಿಗೂ ಕೂಸುಗಳಿಗೂ ಎರೆಯುವವಳು. ನಾವು ಕೇರಿಯವರು. ದೊಡ್ಡ ಮನೆಗಳಲ್ಲಿ ಹಿತ್ತಲ ಬಾಗಿಲಿನಿಂದ ಬಚ್ಚಲವರೆಗೆ ನಮಗೆ ದಾರಿ ಇತ್ತು, ಅಡುಗೆಮನೆಗೆ ಇರಲಿಲ್ಲ. ಆದರೆ ಬಚ್ಚಲಲ್ಲಿ ಅತ್ತೆಯೇ ಒಡತಿ. ಕಲ್ಲಿನ ಮೇಲೆ ಎರಡೂ ಕಾಲು ಚಾಚಿ, ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದಳೆಂದರೆ ಮನೆಯ ಯಜಮಾನತಿಯೂ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ನೀರಾದ ಮೇಲೆ ಕಸರತ್ತು. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ಎಳೆಯುವುದು. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸುವುದು. ರೆಟ್ಟೆ ಹಿಡಿದು ಮೇಲೆತ್ತಿ ಮೂರು ಸಲ ಜಾಡಿಸುವುದು. ಕಡೆಗೆ ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ, ಉಫ್ ಎಂದು ನೆತ್ತಿಗೆ ಊದುವುದು. ಕೂಸು ಊರು ಕೇಳುವ ಹಾಗೆ ಅಳುತ್ತಿತ್ತು.

"ಅಳ್ಲಿ ಬಿಡು. ಅತ್ತಷ್ಟೂ ಎಲುಬು ಗಟ್ಟಿ ಆಗತಾವ" ಎನ್ನುತ್ತಿದ್ದಳು.

ಅತ್ತೆಯ ಕಾಲಕ್ಕೆ ಒಂದು ಕೂಸಿಗೆ ಎರಡು ಕೊಡ ನೀರು ಸಿಕ್ಕರೆ ಪುಣ್ಯ. ಆಮೇಲೆ ಕಾಲುವೆ ಬಂತು. ನಮ್ಮ ಮನೆಯವರು ಅದರ ಮಣ್ಣು ಹೊತ್ತವರು. ಮಗ ಮಲ್ಲು ಈಗ ಅದರ ಗೇಟು ನೋಡಿಕೊಳ್ಳುತ್ತಾನೆ. ನೀರು ಬಂದದ್ದೇ ಬಂದದ್ದು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹೆಂಗಸರು ನಾಟಿಗೆ ಓಡಿದರು, ಕೂಸುಗಳು ಅಜ್ಜಿಯರ ಪಾಲಾದವು. ಎರೆಯುವ ಕೆಲಸ ನನಗೆ ದಿನಕ್ಕೆ ನಾಲ್ಕೈದು ಮನೆ. ನೀರಿಗೇನು ಬರ? ಹೊಯ್ದೆ, ತಿಕ್ಕಿದೆ, ಜಾಡಿಸಿದೆ. ನನ್ನ ಕೈ ಬಿದ್ದ ಕೂಸು ಮೂರು ತಾಸು ನಿದ್ದೆ ಮಾಡುತ್ತದೆ ಎಂಬ ಹೆಸರಾಯಿತು. ಆ ಹೆಸರಿನ ಮೇಲೆಯೇ ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿದ್ದ, ಪುಣ್ಯಾತ್ಮರು ನಡೆಸುತ್ತಿದ್ದ ಚಿಕ್ಕ ಮಕ್ಕಳ ದವಾಖಾನೆಯಲ್ಲಿ ಆಯಾ ಕೆಲಸ ಸಿಕ್ಕಿತು. ಅದರ ಹೆಸರು ಬರೆಯುವುದಿಲ್ಲ. ಈ ಬರಹದಲ್ಲಿ ನನ್ನ ತಪ್ಪುಗಳೇ ಹೆಚ್ಚು, ಪಾಪ ಅದರದ್ದೇನು.

ಅಲ್ಲಿಗೆ ನಸ್ರೀನ್ ಮೇಡಂ ಬಂದರು. ಸುರಪುರದ ಹುಡುಗಿ, ಫಿಜಿಯೋಥೆರಪಿ ಓದಿ ಬಂದವರು. ತೆಳ್ಳಗೆ, ಗಾಳಿ ಬೀಸಿದರೆ ಹಾರಿಹೋಗುವಂತಿದ್ದರು. ಮುರಿದ ಮಂಚಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಅವರಿಗೆ ಕೊಟ್ಟರು. ಮಂಚ ಹೊರಗೆ ಹಾಕಿ, ನೆಲ ತೊಳೆದು, ಒಂದು ಚಾಪೆ, ಒಂದು ಕೌದಿ, ಒಂದು ಗಿಲಕಿ ಇಟ್ಟುಕೊಂಡು ಕೂತರು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಹೃದಯದ ಆಪರೇಷನ್ ಆಗಿ ಊರಿಗೆ ಬಂದ ಹಸುಗೂಸುಗಳಿಗೆ ಇಲ್ಲಿ ವ್ಯಾಯಾಮ ಅಂದರು. ದವಾಖಾನೆಗೆ ದವಾಖಾನೆಯೇ ನಕ್ಕಿತು. ದೊಡ್ಡ ಡಾಕ್ಟರು ದಿನಾ ಬೆಳಿಗ್ಗೆ ಬಾಗಿಲಲ್ಲಿ ಇಣುಕಿ, "ಏನ್ರಿ ಮೇಡಂ, ನಿಮ್ಮ ಮೂರು ಕಿಲೋದ ಪೈಲ್ವಾನರು ತಾಲೀಮಿಗೆ ಬಂದ್ರೇನು?" ಎನ್ನುತ್ತಿದ್ದರು.

ಮೇಡಂ ತಲೆ ಎತ್ತದೆ, "ಬಂದಾರ ಸರ್. ನಿಮ್ಮ ಹೊಟ್ಟಿಗೂ ಜರಾ ತಾಲೀಮು ಬೇಕಾಗ್ಯದ, ಒಳಗ ಬರ್ರಿ" ಎಂದರು ಒಂದು ದಿನ. ಆಮೇಲೆ ಅವರು ಇಣುಕಲಿಲ್ಲ.

ನಾನು ಒಳಗೊಳಗೇ ನಕ್ಕವಳೇ. ಈ ಹುಡುಗಿ ಕೂಸಿನ ಪಕ್ಕ ಕೂತು ಅದರ ಕೈಯನ್ನು ಅದರ ಬಾಯಿಗೆ ಮುಟ್ಟಿಸುತ್ತಾಳೆ, ಬಿಡುತ್ತಾಳೆ. ಕಾಲನ್ನು ಸೈಕಲ್ ತುಳಿಸಿದ ಹಾಗೆ ಮೆಲ್ಲಗೆ ಮಡಚುತ್ತಾಳೆ, ಬಿಡುತ್ತಾಳೆ. ಗಿಲಕಿ ಈಕಡೆಯಿಂದ ಆಕಡೆ ಸರಿಸುತ್ತಾಳೆ. ಕೂಸಿನ ಕಣ್ಣು ಹಿಂದೆ ಬಂತೋ ಇಲ್ಲವೋ ನೋಡುತ್ತಾಳೆ. ಐದು ನಿಮಿಷಕ್ಕೆ ಸಾಕು ಅನ್ನುತ್ತಾಳೆ. ಇದಕ್ಕೆ ಓದಬೇಕೇ? ನಮ್ಮತ್ತೆ ಇದ್ದಿದ್ದರೆ ಅಷ್ಟರಲ್ಲಿ ಮೂರು ಕೂಸು ಎರೆದು ಮಲಗಿಸುತ್ತಿದ್ದಳು ಎಂದುಕೊಂಡೆ.

ಆಗ ಬೋನಾಳದ ರೇಣುಕಾ ಬಂದಳು. ಇಪ್ಪತ್ತು ವರ್ಷದ ಬಾಣಂತಿ. ಅವಳ ಮಗ ಶರಣುಗೆ ಹೈದರಾಬಾದಿನಲ್ಲಿ ಆಪರೇಷನ್ ಆಗಿ ಮೂರು ವಾರವಾಗಿತ್ತು. ಕೂಸು ಮರದ ಬೊಂಬೆಯ ಹಾಗೆ ಬಿಗಿದುಕೊಂಡಿತ್ತು. ಹೆಗಲು ಕಿವಿಗೆ ಹತ್ತಿತ್ತು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಮೇಡಂ ಫೋನು ಬಂತೆಂದು ಹೊರಗೆ ಹೋದರು. ರೇಣುಕಾ ನೀರು ಕುಡಿಯಲು ಎದ್ದಳು. ನಾನು ಕೂಸನ್ನು ನೋಡಿದೆ. ನನ್ನ ಕೈ ತುರಿಸಿತು. ಈ ಬಿಗಿ ಬಿಡಿಸುವುದು ನನಗೆ ಎಷ್ಟರ ಕೆಲಸ?

ಎರಡೂ ರೆಟ್ಟೆಯ ಕೆಳಗೆ ಕೈಕೊಟ್ಟು ಎತ್ತಿದೆ.

ಆ ಕೂಸಿನ ಅಳು ಅಳುವಾಗಿರಲಿಲ್ಲ. ಬಾಯಿ ತೆರೆಯಿತು, ದನಿ ಬರಲಿಲ್ಲ. ತುಟಿಯ ಸುತ್ತ ಬೂದಿ ಬಣ್ಣ ಏರಿತು. ಬಾಗಿಲಲ್ಲಿ ರೇಣುಕಾ ಲೋಟ ಬಿಟ್ಟ ಸಪ್ಪಳ ಕೇಳಿತು. ಮೇಡಂ ಓಡಿ ಬಂದರು. ನನ್ನನ್ನು ಬೈಯಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ನನ್ನ ಕೈಗಳ ಕೆಳಗೆ ತಮ್ಮ ಕೈ ಹಾಕಿದರು. ಒಂದು ಅಂಗೈ ಕೂಸಿನ ತಲೆ ಮತ್ತು ಬೆನ್ನಿಗೆ, ಒಂದು ಅಂಗೈ ಕುಂಡೆಗೆ. ಬೊಗಸೆಯಲ್ಲಿ ನೀರು ತುಂಬಿಕೊಂಡಂತೆ ತೆಗೆದುಕೊಂಡು ಎದೆಗೆ ಆನಿಸಿದರು. ಬಣ್ಣ ತಿರುಗಲು ಒಂದು ಯುಗ ಹಿಡಿಯಿತು. ದೊಡ್ಡ ಡಾಕ್ಟರು ಬಂದು ನೋಡಿದರು, ಎಕ್ಸರೇ ತೆಗೆಸಿದರು, ಎರಡು ದಿನ ಅಲ್ಲೇ ಇಟ್ಟುಕೊಂಡರು. ಏನೂ ಆಗಿರಲಿಲ್ಲ. ಆಗಬಹುದಿತ್ತು. ಆ ಎರಡು ದಿನ ರೇಣುಕಾ ನನ್ನ ಕಡೆ ನೋಡಿದ ನೋಟವನ್ನು ನಾನು ಇವತ್ತಿಗೂ ನೆನೆಸಿಕೊಳ್ಳಲಾರೆ.

ಮೇಡಂ ನನ್ನನ್ನು ಕೂರಿಸಿಕೊಂಡರು. "ಅಕ್ಕಾ, ಆ ಕೂಸಿನ ಎದಿ ಎಲುಬು ನಡುವ ಕೊಯ್ದು, ತಂತಿ ಹಾಕಿ ಕೂಡ್ಸ್ಯಾರ. ನೀವು ರೆಟ್ಟಿ ಹಿಡದು ಎತ್ತಿದ್ರ ಆ ಎಲುಬು ಎರಡೂ ಕಡಿ ಜಗ್ಗತದ. ಕೂಡಿಕೊಳ್ಳಾಕ ಆರು-ಎಂಟು ವಾರ ಬೇಕು."

"ನನ್ನ ಕೆಲಸದಿಂದ ತಗದು ಬಿಡ್ರಿ ಮೇಡಮ್ಮೋರೆ."

"ತಗದ್ರ ನೀವು ಮತ್ತ ಊರಾಗ ಎರಿಯಾಕ ಹೋಗ್ತೀರಿ. ಅಲ್ಲಿ ಇನ್ನೊಂದು ಇಂಥ ಕೂಸು ನಿಮ್ಮ ಕೈಗೆ ಬಂದ್ರ? ಗಪ್ ಕೂತು ಕಲೀರಿ."

ಮರುದಿನ ಮೇಡಂ ಒಂದು ತಲೆದಿಂಬಿನ ಚೀಲ ತಂದರು. ಮೂರು ಕಿಲೋ ಜೋಳ ತುಂಬಿ, ಕುತ್ತಿಗೆಯ ಹತ್ತಿರ ದಾರ ಕಟ್ಟಿ, ಹಳೆಯ ಅಂಗಿಯ ತೋಳುಗಳನ್ನು ಕೈಗಳಂತೆ ಹೊಲಿದಿದ್ದರು. ಎದೆಯ ನಡುವೆ ಮೇಲಿಂದ ಕೆಳಗೆ ಸೀಳಿ, ಉದ್ದುದ್ದ ಟಾಕಿ, ಅಂದರೆ ಹೊಲಿಗೆ, ಹಾಕಿದ್ದರು. ಸಡಿಲ ದಾರ, ಗಂಟೂ ಇಲ್ಲ.

"ಇದು ಜೋಳದ ಕೂಸು. ಎತ್ತ್ರಿ."

ರೆಟ್ಟೆ ಹಿಡಿದು ಎತ್ತಿದೆ. ಟಾಕಿ ಬಾಯಿ ಬಿಟ್ಟಿತು. ಸರ್ ಎಂದು ಜೋಳ ಎದೆಯಿಂದ ಸುರಿದು ನೆಲದ ತುಂಬ ಹರಡಿತು. ಬಾಗಿಲಲ್ಲಿದ್ದ ಕಾವಲುಗಾರನ ಕೋಳಿ ಒಳಗೆ ನುಗ್ಗಿತು.

ನಾನು ಕೋಳಿ ಓಡಿಸಿ, ಒಂದೊಂದೇ ಕಾಳು ಆರಿಸಿ, ತುಂಬಿ, ಹೊಲಿದು, ಮತ್ತೆ ಎತ್ತಿದೆ. ಬುದ್ಧಿ ಬೇಡ ಅಂದರೂ ಕೈ ರೆಟ್ಟೆಗೇ ಹೋಗುತ್ತಿತ್ತು. ಇಪ್ಪತ್ತು ವರ್ಷದ ರೂಢಿ. ಒಂದು ತಿಂಗಳು, ಕಸ ಹೊಡೆದ ಮೇಲೆ, ಊಟದ ಬಿಡುವಿನಲ್ಲಿ, ಅದೊಂದೇ ಕೆಲಸ. ತಲೆ-ಬೆನ್ನಿಗೆ ಒಂದು ಕೈ, ಕುಂಡೆಗೆ ಒಂದು ಕೈ, ಬೊಗಸೆ. ಕಾಳು ಚೆಲ್ಲದೆ ಎತ್ತಿದ ದಿನ ಕೋಣೆಯಲ್ಲಿ ಯಾರೂ ಇರಲಿಲ್ಲ, ಆ ಕೋಳಿ ಒಂದನ್ನು ಬಿಟ್ಟು. ಅದಕ್ಕೇ ತೋರಿಸಿದೆ: "ನೋಡ್, ಇನ್ನ ನಿನಗೆ ಕಾಳಿಲ್ಲ!"

ಅಂದಿನಿಂದ ನಮ್ಮ ಕೋಣೆಗೆ ಬಂದ ಪ್ರತಿ ತಾಯಿಯೂ ಮೊದಲು ಜೋಳದ ಕೂಸನ್ನು ಎತ್ತಬೇಕು, ಆಮೇಲೆ ತನ್ನ ಕೂಸನ್ನು. ಆ ಪಾಠ ಹೇಳುವ ಕೆಲಸವನ್ನು ಮೇಡಂ ನನಗೇ ಬಿಟ್ಟರು. ಮೊದಲು ಎತ್ತಿದವಳು ರೇಣುಕಾ. ನನ್ನ ಕೈಯಿಂದ ಕಲಿಯಲು ಅವಳು ಒಪ್ಪಿದ್ದೇ ನನಗೆ ದೊಡ್ಡ ಸಂಬಳ. ಅವಳ ಕೈಯಲ್ಲಿ ಒಂದು ಕಾಳೂ ಚೆಲ್ಲಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳೇ, ಒಂದು ಮಾತು. ಕೂಸಿಗೆ ಯಾವ ದಿನ ಏನು ಮಾಡಿಸಬಹುದು ಎಂಬುದನ್ನು ಆಪರೇಷನ್ ಮಾಡಿದ ಡಾಕ್ಟರು ಹೇಳಬೇಕು, ನೀವಲ್ಲ, ನಾನೂ ಅಲ್ಲ. ನಿಮ್ಮ ಪಾಲಿನ ಕೆಲಸ ಕಣ್ಣಿನದು. ಹಾಲು ಕುಡಿದ ಕೂಡಲೇ ಆಡಿಸಬೇಡಿ, ಕಕ್ಕುತ್ತದೆ. ತುಟಿಯ ಬಣ್ಣ ನೋಡಿ. ಹಣೆಯಲ್ಲಿ ಬೆವರು ಬಂತೇ, ಮೂಗಿನ ಹೊಳ್ಳೆ ಅರಳಿತೇ, ಉಸಿರು ಓಡಿತೇ, ನಿಲ್ಲಿಸಿ, ಎದೆಗೆ ಆನಿಸಿಕೊಳ್ಳಿ. ನಿಲ್ಲಿಸಿದರೆ ಸೋತ ಹಾಗಲ್ಲ. ಆ ದಿನದ ಪಾಠ ಅಷ್ಟೇ.

ಒರಟು ಕೈ ನನ್ನ ರೋಗವಾಗಿತ್ತು. ಮನೆಮನೆಯ ರೋಗ ಅದರ ತಿರುವುಮುರುವು, ಅಂಜಿಕೆ. ಆಪರೇಷನ್ ಆದ ಕೂಸನ್ನು ಗಾಜಿನ ಬಳೆಯ ಹಾಗೆ ತೊಟ್ಟಿಲಲ್ಲಿಟ್ಟು ಮುಟ್ಟದೆ ಬಿಡುತ್ತಿದ್ದರು. ಒಂದೇ ಕಡೆ ಮಲಗಿ ತಲೆ ಚಪ್ಪಟೆ, ಕುತ್ತಿಗೆ ಒಂದೇ ಕಡೆ, ಕೈ ಒಂದಕ್ಕೊಂದು ಗುರುತಿಲ್ಲ. ಕಡೇಚೂರಿನ ಕಡೆಯಿಂದ ಒಬ್ಬ ಅಜ್ಜ ಬರುತ್ತಿದ್ದ, ಎರಡು ಎಕರೆ ನೀರಾವರಿಯವನು. ಮೊಮ್ಮಗನನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮೇಡಂ ಚಿತ್ರ ಬರೆದು ತೋರಿಸಿದರೂ, "ನನ್ನ ಕೂಸಿನ ಮ್ಯಾಲ ಪರೀಕ್ಷೆ ಮಾಡಬ್ಯಾಡ್ರಿ ತಾಯಿ" ಎಂದು ಅಡ್ಡ ಕೂರುತ್ತಿದ್ದ.

ನಾನು ಕೇಳಿದೆ: "ಯಜಮಾನ್ರೇ, ನಿಮ್ಮ ಹೊಲಕ್ಕ ಹೊಸ ಕಾಲುವಿ ಮಾಡಿದ ವರ್ಷ ನೀರು ಹ್ಯಾಂಗ ಬಿಟ್ರು?"

"ಹ್ಯಾಂಗ ಅಂದ್ರ? ಸಣ್ಣಗ. ಪೂರಾ ಗೇಟು ತಗದ್ರ ಹಸೀ ಒಡ್ಡು ನಿಂದರತದೇನು? ಕೊಚ್ಚಿ ಹೋಗತದ."

"ಹಸೀ ಒಡ್ಡು ಅಂತ ಬಿಡದೇ ಕೂತ್ರೇನು?"

"ಹುಚ್ಚಿ ಇದ್ದೀಯೇನು ನೀ? ಕೊಂಚ ಕೊಂಚ ಬಿಟ್ರನ ಒಡ್ಡು ನೀರು ಕುಡದು ಗಟ್ಟಿ ಆಗೋದು."

"ಮತ್ತ ಇದೂ ಅದೇ ಕಾಲುವಿ ರೀ."

ಅಜ್ಜ ಕೂಸಿನ ಮುಂದಿನಿಂದ ಪಕ್ಕಕ್ಕೆ ಸರಿದ. ಆಮೇಲೆ ಮೇಡಂ ಕಡೆ ತಿರುಗಿ, "ಏನವ್ವಾ, ಈ ಮಾತು ಮೊದಲ ಹೇಳಬಾರದಾ? ಚಿತ್ರಾ ಯಾಕ ಬರದಿ?" ಎಂದ. ನಸ್ರೀನ್ ಮೇಡಂ ಅಂದು ನಕ್ಕ ನಗು! ಆಮೇಲೆ ನಾನಿದ್ದಷ್ಟೂ ವರ್ಷ ಆ ಗೇಟಿನ ಮಾತು ನಮ್ಮ ಕೋಣೆಯ ಮಾತಾಯಿತು. "ಇವತ್ತ ಎಷ್ಟು ಗೇಟು ತಗೀಬೇಕ್ರಿ?" ಎಂದು ತಾಯಂದಿರೇ ಕೇಳುತ್ತಿದ್ದರು.

ಕೆಲಸದ ರೀತಿಯೂ ಬದಲಾಯಿತು. ಮೊದಲು ವಾರಕ್ಕೊಮ್ಮೆ ಕೂಸನ್ನು ಬಸ್ಸಿನಲ್ಲಿ ಹೊತ್ತು ತರಬೇಕಿತ್ತು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಕಳಿಸಿದರೆ ಮೇಡಂ ನೋಡಿ ತಿದ್ದತೊಡಗಿದರು. ಗಿಲಕಿಗೆ ತಿರುಗದ ಕೂಸಿಗೆ ನಾನು ನನ್ನ ಕಾಲ್ಗೆಜ್ಜೆ ಬಿಚ್ಚಿ ತೊಟ್ಟಿಲ ಆಚೆ ಬದಿಗೆ ಕಟ್ಟಿದೆ. ಅದು ಕೆಲಸ ಮಾಡಿತು. ಮೇಡಂ ತಮ್ಮ ರಿಜಿಸ್ಟರಿನಲ್ಲಿ "ಗೆಜ್ಜೆ" ಎಂದೇ ಬರೆದುಕೊಂಡರು. ಒಂದೇ ಕಷ್ಟ, ಊರೆಲ್ಲ ಭತ್ತವಾಗಿ ಜೋಳ ಸಿಗದಂತಾಯಿತು. ಜೋಳದ ಕೂಸಿಗೆ ವರ್ಷಕ್ಕೊಮ್ಮೆ ಹುಳ ಬೀಳುತ್ತಿತ್ತು, ಬದಲಿಸಬೇಕಿತ್ತು. ಅಕ್ಕಿ ತುಂಬಿ ಅಂದರು ಯಾರೋ. ನನಗೆ ಒಗ್ಗಲಿಲ್ಲ. ಆಗ ಪ್ರತಿ ವರ್ಷ ಸುಗ್ಗಿಗೆ ಬೋನಾಳದಿಂದ ರೇಣುಕಾ ತನ್ನ ಒಣಬೇಸಾಯದ ಹೊಲದ ಬಿಳಿಜೋಳ ತಂದು ಸುರಿದು ಹೋಗುತ್ತಿದ್ದಳು. ಕೂತು ಮಾತಾಡುತ್ತಿರಲಿಲ್ಲ. ಸುರಿಯುತ್ತಿದ್ದಳು, ಹೋಗುತ್ತಿದ್ದಳು. ಅವಳ ಮನಸ್ಸಿನಲ್ಲಿ ಆ ದಿನ ಇನ್ನೂ ಇದೆ ಎಂದುಕೊಳ್ಳುತ್ತಿದ್ದೆ.

ಹಾಗೆಯೇ ವಯಸ್ಸಾಯಿತು, ಕೆಲಸ ಬಿಟ್ಟೆ, ಮನೆಗೆ ಬಂದೆ. ಆರು ತಿಂಗಳಿಗೆ ಸೊಸೆ ಲಕ್ಷ್ಮಿ ಹಡೆದಳು. ಹೆಣ್ಣುಕೂಸು. ಮೂರನೇ ದಿನ ಹಾಲು ಕುಡಿಯುವಾಗ ಕೂಸಿನ ಹಣೆಯ ಮೇಲೆ ಬೆವರಿನ ಹನಿ ಕಂಡೆ. ನಾಲ್ಕು ಗುಟುಕು, ಏದುಸಿರು, ಮತ್ತೆ ನಾಲ್ಕು ಗುಟುಕು. ಉಳಿದವರು "ಸೆಕಿಗೆ ಬೆವತದ" ಅಂದರು. ನಾನು ಆ ಬೆವರನ್ನು ಹದಿನೆಂಟು ವರ್ಷ ನೋಡಿದವಳು. "ಮಲ್ಲು, ಗಾಡಿ ಮಾಡು" ಎಂದೆ. ಹೈದರಾಬಾದಿಗೆ ಹೋದೆವು. ಹನ್ನೊಂದನೇ ದಿನ ಆಪರೇಷನ್. ಡಾಕ್ಟರು, "ಸರಿಯಾದ ಟೈಮಿಗೆ ತಂದಿರಿ" ಎಂದರು. ನನ್ನ ಹದಿನೆಂಟು ವರ್ಷದ ಕೆಲಸಕ್ಕೆ ಅಷ್ಟು ಸಾಕಿತ್ತು.

ಸಾಕಾಗಲಿಲ್ಲ. ಕೂಸು ಮನೆಗೆ ಬಂತು. ಎದೆಯ ಮೇಲೆ ಕೆಂಪು ಗೆರೆ. ನೋಡಿದ ಕೂಡಲೇ ನನ್ನ ಕೈ ನಿಂತುಬಿಟ್ಟವು. ಶರಣುವಿನ ಬೂದಿ ತುಟಿ ಕಣ್ಣ ಮುಂದೆ ಬಂತು. ಹಾಲಿಗೆ ಎತ್ತಬೇಕಾದರೂ "ಲಕ್ಷ್ಮಿ, ನೀ ತಗೋ" ಎನ್ನುತ್ತಿದ್ದೆ. ಲಕ್ಷ್ಮಿಯೋ ನನ್ನನ್ನು ನೋಡಿ ನನಗಿಂತ ಹೆಚ್ಚು ಅಂಜಿದಳು. ಕುಡಿಸುವುದು, ತೊಟ್ಟಿಲಿಗೆ ಹಾಕುವುದು. ಎರಡು ತಿಂಗಳ ಮೇಲೆ ಹೈದರಾಬಾದಿನ ಡಾಕ್ಟರು ಎಲುಬು ಕೂಡಿದೆ, ವ್ಯಾಯಾಮ ಶುರುಮಾಡಿ ಎಂದರು. "ಆತ್ರಿ" ಎಂದೆ. ಮಾಡಲಿಲ್ಲ. ನಸ್ರೀನ್ ಮೇಡಂ ಫೋನು ಮಾಡಿದರು.

"ಹೊಟ್ಟಿ ಮ್ಯಾಲ ಮಲಗಸ್ತೀರಿ ಇಲ್ಲೋ ಅಕ್ಕಾ?"

"ಮಲಗ್ಸಾಕತ್ತೇವ್ರಿ."

"ಕೈ ಕೂಡಸ್ತಾಳೇನು?"

"ಹೂನ್ರಿ, ಭಾಳ ಚಂದ."

"ಒಂದು ವಿಡಿಯೋ ಕಳಸ್ರಿ ನೋಡೂಣ."

"ಮಲ್ಲೂನ ಫೋನು ಕೆಟ್ಟದ ರೀ ಮೇಡಮ್ಮೋರೆ."

ನಾನು ಮಾತಾಡಿದ್ದು ನನ್ನ ಸಣ್ಣ ಫೋನಿನಲ್ಲಿ; ಮಲ್ಲುವಿನ ಫೋನು ಎದುರಿಗೆ ಅವನ ಕೈಯಲ್ಲೇ ಬೆಳಗುತ್ತಿತ್ತು. ಅವನು ನನ್ನನ್ನು ನೋಡಿದ. ರಮಾಳಿಗೆ ಆಗ ನಾಲ್ಕು ತಿಂಗಳು ಮುಗಿದಿತ್ತು. ಕುತ್ತಿಗೆ ನಿಂತಿರಲಿಲ್ಲ. ಕಣ್ಣು ಯಾವಾಗಲೂ ಬಲಗಡೆಯ ಕಿಟಕಿಗೆ. ಕೈಗಳು ಎರಡೂ ಬದಿಗೆ ಬಿದ್ದಿರುತ್ತಿದ್ದವು, ಯಾರದೋ ಕೈಗಳ ಹಾಗೆ.

"ಯವ್ವಾ" ಅಂದ ಮಲ್ಲು, "ಊರ ಕೂಸಿಗೆಲ್ಲಾ ಗೇಟಿನ ಮಾತು ಹೇಳಿದಾಕಿ ನೀ. ಗೇಟು ಬಂದ್ ಮಾಡೇ ಇಟ್ರ ಕಾಲುವಿ ಏನಾಗತದ ಅಂತ ನನ್ನ ಕೇಳು. ಹೂಳು ತುಂಬತದ. ಜೇಕಿನ ಹುಲ್ಲು ಬೆಳೀತದ. ಆಮ್ಯಾಲ ನೀರು ಬಿಟ್ರೂ ಹರಿಯಂಗಿಲ್ಲ."

ನಾನು ಎದ್ದು ಒಲೆ ಮುಂದೆ ಕೂತೆ.

ಮೂರನೇ ದಿನಕ್ಕೆ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಬಗಲಲ್ಲಿ ಜೋಳದ ಕೂಸು! ಕೆಟ್ಟ ಫೋನಿನ ಸುದ್ದಿ ಕೇಳಿದ ನಸ್ರೀನ್ ಮೇಡಂ ತಾವು ಬರದೆ ಇವಳನ್ನು ಕಳಿಸಿದ್ದರು. ಜಾಣೆ. ತಾವೇ ಬಂದಿದ್ದರೆ ನಾನು ಚಹಾ ಕುಡಿಸಿ ಮತ್ತೊಂದು ಸುಳ್ಳು ಹೇಳುತ್ತಿದ್ದೆ.

ರೇಣುಕಾ ಚಪ್ಪಲಿ ಬಿಟ್ಟು ಒಳಗೆ ಬಂದು, ರಮಾಳನ್ನು ಒಂದು ಸಲ ನೋಡಿ, ಜೋಳದ ಕೂಸನ್ನು ನನ್ನ ಮುಂದೆ ಕೌದಿಯ ಮೇಲೆ ಮಲಗಿಸಿದಳು.

"ಎತ್ತ್ರಿ ಆಯಮ್ಮ."

"ಏನ್ ಚೇಷ್ಟಿ ಇದು ರೇಣುಕಾ?"

"ಚೇಷ್ಟಿ ಏನಿಲ್ಲ. ಅವತ್ತ ನೀವು ನನಗ ಎತ್ತು ಅಂದ್ರಿ. ಇವತ್ತ ನಾ ಅನ್ನಾಕತ್ತೀನಿ. ಎತ್ತ್ರಿ."

"ನಿನ್ನ ಕೂಸಿಗೆ ಈ ಕೈಲೇ ಏನು ಮಾಡಿದ್ದೆ ಮರತೀಯೇನು?"

ರೇಣುಕಾ ನನ್ನ ಎದುರಿಗೆ ಕೂತಳು. "ಮರತಿಲ್ಲ. ಸಿಟ್ಟೂ ಇತ್ತು. ಆದ್ರ ಮರುದಿನಾ ಕಿಟಕ್ಯಾಗ ನಿಂತು ನೋಡಿದೆ, ನೀವು ಕೋಳಿ ಜೋಡಿ ಜಗಳಾಡಿಕೋತ ಕಾಳು ಆರಸಾಕತ್ತಿದ್ರಿ. ಆಮ್ಯಾಲ ವಾರವಾರ ಬಂದಾಗೂ ಅದನ್ನೇ ನೋಡಿದೆ. ತಪ್ಪು ಮಾಡಿದಾಕಿ ಇಷ್ಟು ಕಲಿತಾಳಂದ್ರ ನಾ ಯಾಕ ಅಂಜಬೇಕು ಅಂತ ಆವಾಗ ನನ್ನ ಶರಣೂನ ಮುಟ್ಟಿದೆ. ಇಲ್ಲಂದ್ರ ನಾನೂ ತೊಟ್ಟಲದಾಗ ಇಟ್ಟು ಕೂಡಾಕಿ."

"ಮತ್ತ ವರ್ಷಾ ಬಂದು ಜೋಳ ಸುರದು ಮಾತಾಡದಂಗ ಹೋಗ್ತಿದ್ದಿ?"

"ಬಸ್ ಬಿಡ್ತಿತ್ತಲ್ಲ ರೀ! ಬೋನಾಳಕ್ಕ ಅದೊಂದೇ ಬಸ್."

ಇಬ್ಬರೂ ನಕ್ಕೆವು. ನಾನು ನಗುತ್ತಲೇ ಅಳುತ್ತಿದ್ದೆ. "ಶರಣು ಹ್ಯಾಂಗದಾನ?" ಎಂದು ಕೇಳಿದೆ.

"ಕಾಲುವ್ಯಾಗ ಈಜಿ ಈಜಿ ಕರ್ರಗಾಗ್ಯಾನ. ಎದಿ ಮ್ಯಾಲಿನ ಗೆರಿ ತೋರ್ಸಿ, ಹುಲಿ ಪರಚಿದ್ದು ಅಂತ ಹುಡುಗರ ಮುಂದ ಬಡಾಯಿ ಕೊಚ್ತಾನ. ಮಾತು ತಪ್ಪಸಬ್ಯಾಡ್ರಿ. ಎತ್ತ್ರಿ."

ಎತ್ತಿದೆ. ಸಡಿಲ ಟಾಕಿಯ ಮೇಲೆ ಕಣ್ಣಿಟ್ಟೆ. ಒಂದು ಕಾಳೂ ಚೆಲ್ಲಲಿಲ್ಲ. ಮತ್ತೆ ಎತ್ತಿಸಿದಳು. ಮತ್ತೊಮ್ಮೆ. ಆಮೇಲೆ ಜೋಳದ ಕೂಸನ್ನು ಸರಿಸಿ, ಅದೇ ಜಾಗದಲ್ಲಿ ರಮಾಳನ್ನು ಮಲಗಿಸಿದಳು. ನಾನು ಉಸಿರು ಹಿಡಿದು ಬೊಗಸೆ ಮಾಡಿದೆ, ಎತ್ತಿದೆ, ಹಿಂದಕ್ಕೆ ಒರಗಿ ಕೂತು ನನ್ನ ಎದೆಯ ಮೇಲೆ ಅವಳನ್ನು ಬೋರಲು ಮಲಗಿಸಿಕೊಂಡೆ. ಅವಳ ಹೃದಯ ನನ್ನದರ ಮೇಲೆ ಬಡಿಯಿತು. ಪುಟ್ಟ ಬಡಿತ, ಓಡುವ ಬಡಿತ, ಆದರೆ ತಾಳ ತಪ್ಪದ ಬಡಿತ. ಆಗ ರಮಾ ತಲೆಯನ್ನು ಒಂದು ಬೆರಳಷ್ಟು ಎತ್ತಿ, ನನ್ನ ಗದ್ದ ನೋಡಿ, ಧಪ್ ಎಂದು ಇಳಿಸಿದಳು.

ಬಾಗಿಲಲ್ಲಿ ಲಕ್ಷ್ಮಿ ಕಿರುಚಿದಳು: "ಅತ್ತೀ! ಕುತ್ತಿಗಿ ಎತ್ತಿದಳು!"

"ಎತ್ತದೇ ಏನು? ಆಯಮ್ಮನ ಮೊಮ್ಮಗಳು" ಎಂದಳು ರೇಣುಕಾ, ಬಸ್ಸಿಗೆ ಹೊರಡುತ್ತಾ.

ಅಂದು ಸಂಜೆ ಮೇಡಂಗೆ ಫೋನು ಮಾಡಿ ಸುಳ್ಳು ಒಪ್ಪಿಕೊಂಡೆ. "ಗೊತ್ತಿತ್ರಿ" ಎಂದರು. "ಹದಿನೆಂಟು ವರ್ಷದಾಗ ನೀವು ಒಂದು ದಿನಾನೂ 'ಭಾಳ ಚಂದ' ಅಂದಾಕಿ ಅಲ್ಲ. ಯಾವಾಗ ಕೇಳಿದ್ರೂ 'ಇನ್ನೊಂದೀಟು ಆಗಬೇಕ್ರಿ' ಅನ್ನಾಕಿ."

ಆಮೇಲಿನದು ದಿನದಿನದ ಗೇಟು. ಮೊದಲ ವಾರ ಎದೆಯ ಮೇಲೆ ಎರಡು ನಿಮಿಷ. ಆಮೇಲೆ ಕೌದಿಯ ಮೇಲೆ, ಎದೆಯ ಕೆಳಗೆ ಸುತ್ತಿದ ಟವಲಿಟ್ಟು. ಎಡಗಡೆ ಗೆಜ್ಜೆ. ಮಗ್ಗುಲಾಗಿ ಮಲಗಿಸಿ ಎರಡು ಕೈ ಎದುರುಬದುರು ಮಾಡುವುದು. ಒಂದು ದಿನ ಎಡಗೈ ಬಲಗೈಯನ್ನು ಹಿಡಿದು ಬಾಯಿಗೆ ಒಯ್ದಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಬೆವರು ಕಂಡ ದಿನ ನಿಲ್ಲಿಸಿದೆವು. ಮಗುಚಲು ಏಳು ತಿಂಗಳು, ಕೂರಲು ಹತ್ತು. ಪಕ್ಕದ ಮನೆಯ ಕೂಸುಗಳು ಮುಂದೆ ಮುಂದೆ ಓಡಿದವು. ಓಡಲಿ. ಮೇಲ್ಗಡೆಯ ಹೊಲಕ್ಕೆ ಮೊದಲು ನೀರು, ಕೆಳಗಿನ ಹೊಲಕ್ಕೆ ಆಮೇಲೆ, ಬರುವುದಂತೂ ಬರುತ್ತದೆ. ವರ್ಷ ತುಂಬಿದಾಗ ಹೈದರಾಬಾದಿನ ಡಾಕ್ಟರು ಎದೆಗೆ ನಳಿಗೆಯಿಟ್ಟು ಕೇಳಿ, "ಅಜ್ಜಿ, ಇನ್ನು ಎಲ್ಲಾ ಮಕ್ಕಳ ಹಾಗೆ ಎತ್ತಿ ಆಡಿಸಿ, ರೆಟ್ಟೆ ಹಿಡಿದೂ ಎತ್ತಬಹುದು" ಎಂದರು. ನಾನು ತಲೆ ಆಡಿಸಿದೆ. ಆದರೆ ನನ್ನ ಕೈ ಕೇಳಲಿಲ್ಲ. ಬೊಗಸೆ ಬಿಟ್ಟು ಬೇರೆ ರೀತಿ ಅದಕ್ಕೆ ಗೊತ್ತೇ ಇಲ್ಲದಂತಾಗಿತ್ತು.

ಈಗ ಹೋದ ಭಾನುವಾರದ ಸಂಗತಿ.

ರಮಾಳಿಗೆ ಹದಿನಾಲ್ಕು ತಿಂಗಳು. ಅಂಗಳದಲ್ಲಿ ಕೌದಿಯ ಮೇಲೆ ಕೂತು ಗೆಜ್ಜೆ ಬಡಿಯುತ್ತಿದ್ದಳು. ನಾನು ನೀರಿನ ಕೊಡ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದೆ. ಅವಳು ನನ್ನನ್ನು ನೋಡಿದಳು. ಗೆಜ್ಜೆ ಕೈಬಿಟ್ಟಳು. ಆಮೇಲೆ ಎರಡೂ ಕೈ, ಒಂದಲ್ಲ, ಎರಡೂ, ನೆಟ್ಟಗೆ, ಕಿವಿಗಿಂತ ಮೇಲಕ್ಕೆ, ಬೆರಳು ಅಗಲಿಸಿ, ಎತ್ತಿದಳು. ಎತ್ತಿ ಹಿಡಿದೇ ನಿಂತಳು. ಅಂದರೆ ಕೂತಿದ್ದಳು, ಆದರೆ ನನಗೆ ನಿಂತ ಹಾಗೇ ಕಂಡಿತು.

"ಏ" ಅಂದಳು. "ಏ, ಏ!"

ಎತ್ತಿಕೋ ಅಂದಳು.

ಎಲ್ಲ ಕೂಸುಗಳೂ ಕೈ ಎತ್ತುತ್ತವೆ. ನೀವು ದಿನಾ ನೋಡುತ್ತೀರಿ. ಆದರೆ ಆ ಎರಡು ಕೈಗಳನ್ನು ಎಂದೂ ಹಿಡಿದು ಎಳೆಯಬಾರದೆಂದು ನಾನು ಒಂದು ಚೀಲ ಜೋಳವನ್ನು ಎಷ್ಟು ಸಲ ಆರಿಸಿದ್ದೆ! ಯಾರೂ ಎಳೆಯಲಿಲ್ಲ, ಯಾರೂ ಜಾಡಿಸಲಿಲ್ಲ. ಅವೇ ಎದ್ದು ಬಂದವು.

ಓಡಿದೆ. ರೂಢಿಯಂತೆ ಒಂದು ಕೈ ಬೆನ್ನಿಗೆ, ಒಂದು ಕೈ ಕುಂಡೆಗೆ ಹಾಕಿದೆ. ಉಳಿದ ಕೆಲಸ ಅವಳೇ ಮಾಡಿದಳು. ಆ ಎರಡು ಕೈ ನನ್ನ ಕುತ್ತಿಗೆಗೆ ಹಾಕಿ, ಕಾಲಿನಿಂದ ನನ್ನ ಹೊಟ್ಟೆಗೆ ಒದ್ದು, ಮೇಲಕ್ಕೆ ಹತ್ತಿ, ನನ್ನ ತಲೆಯ ಸೆರಗು ಕಿತ್ತು ಹಾಕಿ, ಹೆಗಲ ಮೇಲಿಂದ ಓಣಿಯನ್ನೆಲ್ಲ ನೋಡಿ ನಕ್ಕಳು.